ಮಾತಿಲ್ಲದೆ ಅರಗು ಕರಗಿಸಿದ್ದು: ಚನ್ನಪಟ್ಟಣದ ಬುಗುರಿ ವಿಡಿಯೊ

ವಾಯ್ಸ್‌ಓವರ್ ಇಲ್ಲದಿದ್ದರೆ ಯಾರಿಗೂ ಅರ್ಥವಾಗಲ್ಲ ಎಂದವರೇ ಈಗ ಈ ಫೈಲ್ ಕೇಳುತ್ತಿದ್ದಾರೆ. ಮರ ತಿರುಗಿಸುವ ಯಂತ್ರದಲ್ಲಿ, ಅಂದರೆ ಲೇತಿನಲ್ಲಿ, ಬುಗುರಿ ಮಾಡಿ ಅದಕ್ಕೆ ಅರಗಿನ ಬಣ್ಣ ಹಚ್ಚುವ ವಿಡಿಯೊ: ಮೂರು ನಿಮಿಷ, ಒಂದು ಪದವೂ ಇಲ್ಲ.

ಮೊದಲ ಎಡಿಟ್ ಬಿದ್ದುಹೋಯಿತು. ಆಲೆ ಮರ (ಬಿಳಿಯ ಮೆದು ಮರ), ಉಳಿ, ಅರಗು, ಹೊಳಪು ಎಲ್ಲ ಸಾಲಾಗಿತ್ತು, ಚೆನ್ನಾಗಿಯೂ ಇತ್ತು. ಆದರೆ ನೋಡಿದವರು ಅರಗಿನ ಕಡ್ಡಿಯನ್ನು ಬಣ್ಣದ ಸೀಮೆಸುಣ್ಣ ಅಂದುಕೊಂಡರು. ತಿಕ್ಕಾಟದ ಬಿಸಿಗೆ ಅರಗು ಕರಗುವುದು ತುಸು ದೂರದ ಮಿಡ್ ಶಾಟ್‌ನಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಮೂರು ಶಾಟ್ ಸೇರಿಸಿದೆ. ಕಡ್ಡಿಯನ್ನು ಲೇತಿನ ಕಬ್ಬಿಣಕ್ಕೆ ಬಡಿದಾಗ 'ಟಕ್' ಎನ್ನುವ ಸದ್ದು, ಅಂದರೆ ಗಟ್ಟಿ. ತಿರುಗುವ ಮರಕ್ಕೆ ಒತ್ತಿದೊಡನೆ ಬಣ್ಣ ಪಟ್ಟಿಯಾಗಿ ಹರಡುವುದು, ಮ್ಯಾಕ್ರೊದಲ್ಲಿ, ಅಂದರೆ ತೀರಾ ಹತ್ತಿರದಿಂದ. ಕೊನೆಗೆ ಕಡ್ಡಿಯ ತುದಿ, ಸವೆದು, ಗುಂಡಗಾಗಿ, ಮಿರುಗುತ್ತಾ. ಆಮೇಲೆ ಅದು ಸೀಮೆಸುಣ್ಣವಾ ಅಂತ ಯಾರೂ ಕೇಳಲಿಲ್ಲ.

ಸ್ಲೋ ಮೋಷನ್ನೂ ನೋಡಿದೆ, ಸೆಕೆಂಡಿಗೆ 120 ಫ್ರೇಮ್‌ನಲ್ಲಿ. ದಂಡ. ವೇಗ ಹೋದರೆ ತಿಕ್ಕಾಟವೂ ಹೋಯಿತು, ಬಿಸಿ ಎಲ್ಲಿಂದ ಬಂತು ಅಂತ ಕಣ್ಣಿಗೆ ಹೊಳೆಯಲ್ಲ. 25 ಫ್ರೇಮ್, 1/50 ಸೆಕೆಂಡ್ ಶಟರ್‌ಗೇ ಮರಳಿದೆ. ಆ ಶಟರ್‌ನಲ್ಲಿ ಅಂಗಡಿಯ ಟ್ಯೂಬ್‌ಲೈಟ್ ಮಿನುಗುವ ಕಾಟವೂ ಇಲ್ಲ. ಕೆಂಪು ಅರಗಿಗೆ ಮಾತ್ರ ಎಕ್ಸ್‌ಪೋಷರ್ (ಕ್ಯಾಮೆರಾಗೆ ಬೀಳುವ ಬೆಳಕು) ಸುಮಾರು ಅರ್ಧ ಸ್ಟಾಪ್ ಕಮ್ಮಿ ಇಡಿ, ಇಲ್ಲದಿದ್ದರೆ ಕೆಂಪು ಚಾನೆಲ್ ಉರಿದು ಬಣ್ಣದ ವಿವರ ಅಳಿಸಿಹೋಗುತ್ತದೆ.

ಅರಗಿನ ಮೇಲೆ ತಾಳೆಗರಿ ಸವರಿ ತರಿಸುವ ಹೊಳಪಿಗೆ ಎದುರಿನ ಬೆಳಕು ಬೇಡ. ಎಲ್‌ಇಡಿ ಪ್ಯಾನೆಲ್ ಹಿಂದೆ, ಒಂದು ಪಕ್ಕಕ್ಕೆ ಇಡಿ. ಗರಿ ಸವರಿದ ಅರ್ಧ ಮಿಂಚಬೇಕು, ಸವರದ ಅರ್ಧ ಮಂಕಾಗಿರಬೇಕು, ಎರಡೂ ಒಂದೇ ಫ್ರೇಮ್‌ನಲ್ಲಿ. ಕ್ಯಾಮೆರಾ ಲೇತಿನ ಒಂದೇ ಬದಿಗಿರಲಿ. ಆಚೆ ಬದಿಗೆ ಹೋದರೆ ಮರ ಉಲ್ಟಾ ತಿರುಗಿದಂತೆ ಕಾಣುತ್ತದೆ, ಎಡಿಟ್‌ನಲ್ಲಿ ಶಾಟ್‌ಗಳು ಕೂಡಲ್ಲ. ಲೇತಿನ ಹತ್ತಿರ ಲೆನ್ಸ್ ಬದಲಿಸಬೇಡಿ, ಮರದ ಪುಡಿ ಸೆನ್ಸರ್‌ಗೆ ಕೂರುತ್ತದೆ.

ದುಡ್ಡು: ಮ್ಯಾಕ್ರೊ ಲೆನ್ಸ್ ಬಾಡಿಗೆ ದಿನಕ್ಕೆ ₹800 ಆಸುಪಾಸು, ಪ್ಯಾನೆಲ್‌ಗೆ ₹500 ಕೊಟ್ಟೆ. ಕ್ಯಾಮೆರಾ ಜಾರಿಸುವ ಸ್ಲೈಡರ್‌ಗೆ ಕೊಟ್ಟ ಸಾವಿರ ನೀರಿಗೆ ಹೋಯಿತು, ಕ್ಯಾಮೆರಾ ಅಲುಗಿದರೆ ನೋಡುವವರ ಕಣ್ಣು ಕೆಲಸಗಾರನ ಕೈಯನ್ನು ಬಿಟ್ಟು ಗೋಡೆ ನೋಡುತ್ತದೆ. ಡಬ್ಬಿಂಗ್ ಖರ್ಚು ಸೊನ್ನೆ, ಒಂದೇ ಫೈಲ್ ತಮಿಳರಿಗೂ ಹಿಂದಿಯವರಿಗೂ ನಡೆಯಿತು.

ಉರುಳೆಯಾಕಾರದ ಮರ ಒಂದೇ ಎಡಿಟಿಂಗ್ ಕಟ್‌ನಲ್ಲಿ ಬುಗುರಿಯಾಗುವುದು ಹೇಗೆ ಎಂದು ಹೇಳಲ್ಲ, ಅದರಿಂದಲೇ ಮುಂದಿನ ಕೆಲಸ ಸಿಕ್ಕಿದ್ದು. ಮೊಬೈಲ್‌ಗೆ 40 ಸೆಕೆಂಡಿನ ಕಟ್ ಮಾಡುವಾಗ ಗರಿಯ ಶಾಟ್ ಬಿಡಬಹುದು. ಆ 'ಟಕ್' ಮಾತ್ರ ಬಿಡಬೇಡಿ.