ಮಕ್ಕಳ ಪಾಠವೂ ಮನೆಯಲ್ಲೇ, ಅಮ್ಮನ ಕಾಲೇಜೂ ಶುರು: ಒಂದೇ ವಾರದಲ್ಲಿ ಎರಡನ್ನೂ ಹೊಂದಿಸುವುದು ಹೇಗೆ

ಕಾಲೇಜಿಗೆ ಅರ್ಜಿ ಹಾಕುವ ಮೊದಲು ಒಂದು ಹಾಳೆಯ ಮೇಲೆ ವಾರದ 168 ಗಂಟೆಗಳ ಲೆಕ್ಕ ಬರೆಯಿರಿ. ಅಂದಾಜಿನಲ್ಲಿ ಬರೆದರೆ ನಮಗೆ ಬೇಕಾದ ಉತ್ತರವೇ ಬರುತ್ತದೆ, ಹಾಗಾಗಿ ಒಂದು ವಾರ ಗಡಿಯಾರ ನೋಡಿಕೊಂಡೇ ಗುರುತು ಹಾಕಿಕೊಳ್ಳಿ. ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸುವ ತಾಯಿಯ ವಾರ ಹೆಚ್ಚುಕಡಿಮೆ ಹೀಗಿರಬಹುದು: ನಿದ್ದೆಗೆ 52.5 ಗಂಟೆ (ದಿನಕ್ಕೆ ಏಳೂವರೆ), ಮಕ್ಕಳ ಪಾಠಕ್ಕೆ 20, ಪಾಠದ ತಯಾರಿ ಮತ್ತು ತಿದ್ದುವುದಕ್ಕೆ 4, ಅಡುಗೆ, ಬಟ್ಟೆ, ಪಾತ್ರೆ, ಕಸಕ್ಕೆ 28, ಸ್ವಂತ ಸ್ನಾನ, ಊಟಕ್ಕೆ 14, ಹೊರಗಿನ ಓಡಾಟಕ್ಕೆ 8. ಕೂಡಿದರೆ 126.5. ಉಳಿಯುವುದು 41.5 ಗಂಟೆ.

ಇಷ್ಟೊಂದು ಇದೆಯಲ್ಲ ಎಂದು ಖುಷಿಪಡುವ ಮುನ್ನ ಆ 41 ಗಂಟೆ ಹೇಗೆ ಹರಡಿಕೊಂಡಿದೆ ನೋಡಿ. ಬಹುಪಾಲು ಹತ್ತು ಹದಿನೈದು ನಿಮಿಷದ ಚಿಲ್ಲರೆ. ಕುಕ್ಕರ್ ಕೂಗುವವರೆಗೆ, ಮಗು ಲೆಕ್ಕ ಮುಗಿಸುವವರೆಗೆ, ಚಿಕ್ಕವನು ಮಲಗುವವರೆಗೆ. ನಲವತ್ತು ನಿಮಿಷಕ್ಕಿಂತ ಉದ್ದದ ಅಖಂಡ ಹೊತ್ತನ್ನು ಮಾತ್ರ ಎಣಿಸಿದರೆ ಅರ್ಧವೂ ಉಳಿಯುವುದಿಲ್ಲ. ಕಾಲೇಜಿನಲ್ಲಿ ತರಗತಿಯ ಒಂದು ಗಂಟೆಗೆ ಮನೆಯಲ್ಲಿ ಎರಡು ಗಂಟೆ ಓದು ಬೇಕು, ಕಷ್ಟದ ವಿಷಯವಾದರೆ ಮೂರು. ವಾರಕ್ಕೆ ಮೂರು ತರಗತಿಯ ಒಂದು ಕೋರ್ಸ್ ಎಂದರೆ ಕನಿಷ್ಠ 9 ಗಂಟೆ, ಎರಡು ಕೋರ್ಸ್ ಎಂದರೆ 18, ಪ್ರಯಾಣ ಬೇರೆ. ಆದ್ದರಿಂದ ಎರಡು ಕೋರ್ಸ್ ಈ ಮನೆಯ ಗರಿಷ್ಠ ಮಿತಿ. ಮೊದಲ ಸೆಮಿಸ್ಟರಿಗೆ ಒಂದೇ ಸಾಕು.

ಯಾವ ಕೋರ್ಸ್ ಎಂಬುದರಲ್ಲೂ ಒಂದು ಲೆಕ್ಕಾಚಾರ ಇದೆ. ಕೊನೆಯ ಪರೀಕ್ಷೆಯೊಂದರ ಮೇಲೇ ನಿಂತ ಕೋರ್ಸ್ ಬೇಡ. ಪ್ರತಿ ವಾರ ಚಿಕ್ಕ ಚಿಕ್ಕ ಅಸೈನ್‌ಮೆಂಟ್ ಇರುವುದನ್ನು ಆರಿಸಿಕೊಳ್ಳಿ. ಕಿರಿಕಿರಿ ಅನ್ನಿಸುತ್ತದೆ ನಿಜ, ಆದರೆ ಮೂರನೇ ವಾರಕ್ಕೇ ನೀವು ಎಲ್ಲಿದ್ದೀರಿ ಎಂದು ಗೊತ್ತಾಗುತ್ತದೆ, ಸರಿಪಡಿಸಿಕೊಳ್ಳಲು ಇನ್ನೂ ಸಮಯ ಇರುತ್ತದೆ. ಲ್ಯಾಬ್ ಇರುವ ವಿಷಯವನ್ನು ಮೊದಲ ಸಲ ಬಿಡಿ. ತಪ್ಪಿದ ಪಾಠವನ್ನು ಪುಸ್ತಕದಿಂದ ತುಂಬಿಕೊಳ್ಳಬಹುದು, ತಪ್ಪಿದ ಲ್ಯಾಬನ್ನು ಮನೆಯಲ್ಲಿ ಮಾಡಲಾಗದು, ಮಗುವಿಗೆ ಜ್ವರ ಬರುವುದು ಲ್ಯಾಬಿನ ದಿನವೇ. ಹಿಂದೆ ಓದಿದ ಕ್ರೆಡಿಟ್‌ಗಳು ಇದ್ದರೆ ಅವು ಈಗಲೂ ನಡೆಯುತ್ತವೆಯೇ ಎಂದು ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ, ಹಳೆಯ ಸಿಲಬಸ್ ಇದ್ದರೆ ಜೊತೆಗೆ ಒಯ್ಯಿರಿ. ಗಣಿತದ ಕೋರ್ಸಿಗೆ ಹತ್ತು ವರ್ಷಗಳ ನಂತರ ಮರಳುವವರು ತರಗತಿ ಶುರುವಾಗುವ ಆರು ವಾರ ಮೊದಲೇ ದಿನಕ್ಕೆ ಅರ್ಧ ಗಂಟೆ ಭಿನ್ನರಾಶಿ, ಬೀಜಗಣಿತ ತಿರುವಿಹಾಕಿಕೊಳ್ಳಬೇಕು. ಹೊಸ ಪಾಠ ಅರ್ಥವಾಗಿಯೂ ಹಳೆಯ ಕೂಡು-ಕಳೆ ಕೈಕೊಟ್ಟು ಅಂಕ ಕಳೆದುಕೊಳ್ಳುವವರೇ ಹೆಚ್ಚು.

ಎರಡೂ ಕೆಲಸಗಳನ್ನು ಮೂರು ರಾಶಿ ಮಾಡಿ, ತಾಳೆ ಹಾಕಿ

ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಕೆಲಸದ ಮೇಲೆ.

ಮಕ್ಕಳ ಪಾಠಗಳನ್ನು ಮೂರು ರಾಶಿ ಮಾಡಿ. ಮೊದಲನೆಯದು ನೀವು ಪಕ್ಕದಲ್ಲೇ ಕೂರಬೇಕಾದದ್ದು: ಹೊಸ ಲೆಕ್ಕ, ಓದಲು ಕಲಿಯುವ ಮಗುವಿನ ಗಟ್ಟಿ ಓದು, ಪ್ರಬಂಧದ ಮೊದಲ ಪ್ರಯತ್ನ. ಎರಡನೆಯದು ನೀವು ಕೂಗಳತೆಯಲ್ಲಿ ಇದ್ದರೆ ಸಾಕಾದದ್ದು: ಕಲಿತ ಲೆಕ್ಕದ ಅಭ್ಯಾಸ, ಕಾಪಿ ಬರೆಯುವುದು, ನಕ್ಷೆ ತುಂಬುವುದು. ಮೂರನೆಯದು ನಿಮ್ಮ ಅಗತ್ಯವೇ ಇಲ್ಲದ್ದು: ಕಥೆಪುಸ್ತಕ, ಚಿತ್ರ, ಮರದ ತುಂಡು ಜೋಡಿಸುವುದು, ಅಂಗಳದ ಆಟ.

ನಿಮ್ಮ ಓದನ್ನೂ ಹಾಗೆಯೇ. ಗಟ್ಟಿ ಕೆಲಸ ಎಂದರೆ ಪ್ರಬಂಧ ಬರೆಯುವುದು, ಹೊಸ ಬಗೆಯ ಲೆಕ್ಕ ಬಿಡಿಸುವುದು, ಕಷ್ಟದ ಅಧ್ಯಾಯದ ಮೊದಲ ಓದು. ನಡುವಿನದು ಎರಡನೇ ಓದು, ಟಿಪ್ಪಣಿ, ತರಗತಿಯ ರೆಕಾರ್ಡಿಂಗ್. ಹಗುರದ್ದು ನೆನಪಿನ ಚೀಟಿ ತಿರುವುವುದು, ಈಮೇಲ್, ಆಕರಪಟ್ಟಿ ಸರಿಪಡಿಸುವುದು, ಪುಟ ಸಂಖ್ಯೆ ಹಾಕುವುದು.

ಈಗ ಜೋಡಿಸಿ. ಮಗುವಿನ ಪಕ್ಕದಲ್ಲಿ ಕೂರುವ ಹೊತ್ತಿನಲ್ಲಿ ನಿಮ್ಮ ಪುಸ್ತಕ ಮುಚ್ಚಿರಲಿ, ಹಗುರದ ಕೆಲಸವೂ ಬೇಡ. ಅರ್ಧ ಕಣ್ಣು ಮಗುವಿನ ಲೆಕ್ಕದ ಮೇಲಿದ್ದರೆ ಅದು ಎಲ್ಲಿ ಎಡವಿತು ಎಂಬುದೇ ತಪ್ಪಿಹೋಗುತ್ತದೆ, ಮರುದಿನ ಅದೇ ಪಾಠ ಎರಡು ಪಟ್ಟು ಹೊತ್ತು ತಿನ್ನುತ್ತದೆ. ಕೂಗಳತೆಯ ಹೊತ್ತಿಗೆ ಹಗುರದ ಕೆಲಸ. ಮಕ್ಕಳು ತಾವೇ ತೊಡಗಿಕೊಂಡ ಹೊತ್ತಿಗೆ ನಡುವಿನ ಕೆಲಸ. ಗಟ್ಟಿ ಕೆಲಸಕ್ಕೆ ಮಾತ್ರ ಮಕ್ಕಳ ಹೊಣೆ ಬೇರೆಯವರ ಮೇಲಿರುವ ಅಥವಾ ಅವರು ನಿದ್ದೆಯಲ್ಲಿರುವ ಹೊತ್ತೇ ಆಗಬೇಕು. ಒಂದು ಕೋರ್ಸಿಗೆ ವಾರಕ್ಕೆ ಇಂಥ ಹೊತ್ತು ತೊಂಬತ್ತು ನಿಮಿಷದಂತೆ ಎರಡು ಸಲ ಸಿಕ್ಕರೆ ಉಳಿದದ್ದನ್ನು ಚಿಲ್ಲರೆಯಲ್ಲೇ ತುಂಬಬಹುದು. ಎರಡು ಕೋರ್ಸಾದರೆ ನಾಲ್ಕು ಸಲ ಬೇಕು. ಅದು ಎಲ್ಲಿಂದ ಬರುತ್ತದೆ ಎಂದು ದಿನ, ಗಂಟೆ ಸಮೇತ ಬರೆಯಲಾಗದಿದ್ದರೆ ಎರಡನೇ ಕೋರ್ಸ್ ಸೇರಬೇಡಿ.

ಒಂದೇ ಮೇಜಿನ ಸುತ್ತ ತಾಯಿ ಮಕ್ಕಳು ಎಲ್ಲರೂ ಓದುವ ಚಿತ್ರ ನೋಡಲು ಚೆಂದ. ಹಗುರದ ಕೆಲಸಕ್ಕೆ ಅದು ನಡೆಯುತ್ತದೆ. ಅಲ್ಲಿ ಕೂತು ಪ್ರಬಂಧ ಬರೆಯಲು ಹೊರಟರೆ ಒಂದೇ ವಾಕ್ಯವನ್ನು ಐದು ಸಲ ಓದಿ, ಆರನೇ ಸಲ ಮಗುವಿನ ಮೇಲೆ ರೇಗುವುದಾಗುತ್ತದೆ.

ಮಕ್ಕಳನ್ನು ಮೊದಲೇ ಅಣಿಗೊಳಿಸಿ

ತಾನಾಗಿಯೇ ಕೂತು ಕಲಿಯುವುದೂ ಒಂದು ಅಭ್ಯಾಸ, ಕಾಲೇಜು ಶುರುವಾದ ದಿನ ಅದು ಆಕಾಶದಿಂದ ಉದುರುವುದಿಲ್ಲ. ಆರು ವಾರ ಮೊದಲೇ ಆರಂಭಿಸಿ. ಐದಾರು ವರ್ಷದ ಮಗು ಹತ್ತು ನಿಮಿಷ ಒಂದೇ ಕೆಲಸದಲ್ಲಿ ಕೂತರೆ ಒಳ್ಳೆಯದೇ. ಎಂಟು ಒಂಬತ್ತರ ಮಗುವಿನಿಂದ ಇಪ್ಪತ್ತೈದು ನಿಮಿಷ, ಹನ್ನೆರಡು ದಾಟಿದವರಿಂದ ಮುಕ್ಕಾಲು ಗಂಟೆ ನಿರೀಕ್ಷಿಸಬಹುದು. ಈಗ ಎಷ್ಟು ಹೊತ್ತು ಕೂರುತ್ತದೋ ಅಲ್ಲಿಂದ ಹಿಡಿದು ವಾರಕ್ಕೆ ಐದು ನಿಮಿಷ ಏರಿಸುತ್ತ ಹೋಗಿ. ಮರಳುಗಡಿಯಾರ ಅಥವಾ ಟೈಮರ್ ಮಗುವಿಗೆ ಕಾಣುವ ಹಾಗಿರಲಿ. "ಸ್ವಲ್ಪ ಹೊತ್ತು ಇರು ಕಂದಾ" ಎಂದರೆ ಎಷ್ಟು ಹೊತ್ತು ಎಂದು ಅದಕ್ಕೆ ತಿಳಿಯದು.

ಅಡಚಣೆಗಳನ್ನು ಎರಡು ದಿನ ಗುರುತು ಹಾಕಿ ನೋಡಿ. ಪಾಠದ ಪ್ರಶ್ನೆಗಳಿಗಿಂತ ಪೆನ್ಸಿಲ್ ಮುರಿಯಿತು, ರಬ್ಬರ್ ಕಾಣುತ್ತಿಲ್ಲ, ಯಾವ ಪುಟ, ನೀರು ಬೇಕು ಎಂಬವೇ ಹೆಚ್ಚು ಇರುತ್ತವೆ. ಹಾಗಾಗಿ ರಾತ್ರಿಯೇ ಪ್ರತಿ ಮಗುವಿಗೂ ಒಂದು ಟ್ರೇ ಜೋಡಿಸಿಡಿ: ಪುಟಕ್ಕೆ ಗುರುತು ಹಾಕಿದ ಪುಸ್ತಕಗಳು ಮಾಡಬೇಕಾದ ಕ್ರಮದಲ್ಲೇ ಒಂದರ ಮೇಲೊಂದು, ಕೆತ್ತಿದ ಎರಡು ಪೆನ್ಸಿಲ್, ರಬ್ಬರ್, ನೀರಿನ ಬಾಟಲಿ, ಮೇಲೆ ಆ ದಿನದ ಪಟ್ಟಿ. ಓದಲು ಬಾರದ ಮಗುವಿಗೆ ಪಟ್ಟಿಯ ಬದಲು ಚಿತ್ರ. ಹತ್ತು ನಿಮಿಷದ ಕೆಲಸ, ಮರುದಿನ ಇಡೀ ಬೆಳಗ್ಗೆ ಉಳಿಯುತ್ತದೆ.

ನಿಜವಾದ ಸಂದೇಹಗಳಿಗೆ ಪ್ರಶ್ನೆ ಚೀಟಿ ಇಡಿ. ಗೊತ್ತಾಗದ ಲೆಕ್ಕದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಡಬ್ಬಿಗೆ ಹಾಕಿ, ಮುಂದಿನದಕ್ಕೆ ಹೋಗಬೇಕು. ಟೈಮರ್ ಬಾರಿಸಿದ ಕೂಡಲೇ ನೀವು ಡಬ್ಬಿ ತೆರೆಯಬೇಕು. ಇಲ್ಲಿ "ಈ ಪುಟ ಮುಗಿಸಿ ಬರ್ತೀನಿ" ಎಂದು ಎರಡು ಸಲ ತಪ್ಪಿದಿರೋ, ಮೂರನೇ ದಿನ ಚೀಟಿ ಬಿಟ್ಟು ಮಗುವೇ ನಿಮ್ಮ ಮುಂದೆ ನಿಂತಿರುತ್ತದೆ. ರಕ್ತ, ಹೊಗೆ, ಬಾಗಿಲಿಗೆ ಬಂದವರು, ತಮ್ಮ ತಂಗಿಯ ಜೋರು ಅಳು: ಇವಿಷ್ಟಕ್ಕೆ ಮಾತ್ರ ಚೀಟಿ ಬೇಡ, ನೇರ ಬರಬಹುದು ಎಂದು ಸ್ಪಷ್ಟವಾಗಿ ಹೇಳಿಡಿ.

ಹತ್ತು ವರ್ಷ ದಾಟಿದ ಮಗು ಉತ್ತರಪಟ್ಟಿ ನೋಡಿ ತಾನೇ ತಿದ್ದಿಕೊಳ್ಳಬಹುದು. ನೀವು ಹತ್ತರಲ್ಲಿ ಮೂರನ್ನು, ಯಾವ ಮೂರು ಎಂದು ಮೊದಲೇ ಹೇಳದೆ ನೋಡಿ. ಉತ್ತರ ಸರಿ ಇದ್ದು ನಡುವಿನ ಹಂತಗಳು ಇಲ್ಲದಿದ್ದರೆ ನಕಲು ಶುರುವಾಗಿದೆ ಎಂದರ್ಥ. ಬೈಯುವ ಬದಲು ಆ ಲೆಕ್ಕವನ್ನು ಬಾಯಲ್ಲಿ ಹೇಳಿಸಿ.

ಮಕ್ಕಳ ಕ್ಯಾಲೆಂಡರನ್ನು ಕಾಲೇಜಿನ ಕ್ಯಾಲೆಂಡರಿಗೆ ಹೊಂದಿಸಿ

ಮನೆಯಲ್ಲಿ ಕಲಿಸುವವರಿಗೆ ಇರುವ ದೊಡ್ಡ ಅನುಕೂಲವನ್ನು ಹೆಚ್ಚಿನವರು ಬಳಸಿಕೊಳ್ಳುವುದೇ ಇಲ್ಲ. ಪಾಠ ಯಾವಾಗ, ರಜೆ ಯಾವಾಗ ಎಂಬುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ನಿಮ್ಮಲ್ಲಿನ ಕಾನೂನು ವರ್ಷಕ್ಕೆ ಇಷ್ಟು ದಿನ ಅಥವಾ ಗಂಟೆ ಎಂದು ಕೇಳುತ್ತಿದ್ದರೆ ಅದನ್ನು ಮೊದಲು ಎಣಿಸಿಕೊಳ್ಳಿ.

ಸಿಲಬಸ್ ಕೈಗೆ ಬಂದ ದಿನವೇ ಎಲ್ಲ ಅಸೈನ್‌ಮೆಂಟ್, ಪರೀಕ್ಷೆಯ ದಿನಾಂಕಗಳನ್ನು ಒಂದೇ ಹಾಳೆಗೆ ಇಳಿಸಿ, ಪ್ರತಿಯೊಂದರ ಪಕ್ಕ ಅದು ಒಟ್ಟು ಅಂಕದಲ್ಲಿ ಎಷ್ಟು ಶೇಕಡಾ ಎಂದು ಬರೆಯಿರಿ. 16 ವಾರದ ಸೆಮಿಸ್ಟರಿನಲ್ಲಿ 8ನೇ ವಾರ ಮಧ್ಯದ ಪರೀಕ್ಷೆ, 16ನೇ ವಾರ ಕೊನೆಯ ಪರೀಕ್ಷೆ ಎಂದಿಟ್ಟುಕೊಳ್ಳಿ. ಮಕ್ಕಳಿಗೆ 1ರಿಂದ 7 ಪೂರ್ಣ ಪಾಠ, 8ರಲ್ಲಿ ರಜೆ, 9ರಿಂದ 14 ಪೂರ್ಣ ಪಾಠ, 15 ಹಗುರ ವಾರ, 16ರಲ್ಲಿ ರಜೆ. ಪೂರ್ಣ ಪಾಠದ 13 ವಾರ ಸಿಕ್ಕಿತು. ಕೊರತೆಯನ್ನು ಕಾಲೇಜಿಗೆ ರಜೆ ಇದ್ದಾಗ ತುಂಬಿಕೊಳ್ಳಿ. ವಿಜ್ಞಾನದ ಪ್ರಯೋಗ, ಮ್ಯೂಸಿಯಂ ಭೇಟಿ, ದೊಡ್ಡ ಮಾದರಿ ಕಟ್ಟುವಂಥ, ನಿಮ್ಮ ಪೂರ್ತಿ ಗಮನ ಬೇಡುವ ಎಲ್ಲವನ್ನೂ ಆ ರಜೆಗೇ ಎತ್ತಿಡಿ.

ಹಗುರ ವಾರ ಎಂದರೆ ದಿನಕ್ಕೆ ಅರ್ಧ ಗಂಟೆ ಗಣಿತ, ಅರ್ಧ ಗಂಟೆ ಓದು, ಅರ್ಧ ಪುಟ ಬರಹ, ಅಷ್ಟೇ. ಗಣಿತವನ್ನು ಬಿಡಬಾರದು. ಇತಿಹಾಸ ಎರಡು ವಾರ ನಿಂತರೆ ಏನೂ ಆಗದು, ಗಣಿತ ನಿಂತರೆ ಕೈ ತಪ್ಪಿ ಹಿಂದಿನ ಪಾಠಕ್ಕೇ ಮರಳಬೇಕಾಗುತ್ತದೆ. ಮನೆಗೆ ಕಾಯಿಲೆ ಬಂದ ದಿನಗಳಿಗೂ ಇದೇ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿಸಿರಲಿ. ಅಂಥ ಬೆಳಗ್ಗೆ ಕೂತು ಯೋಚಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಹಾಜರಾತಿ ನಿಯಮವನ್ನೂ ಅಂದೇ ಓದಿ. ಎಷ್ಟು ತರಗತಿ ತಪ್ಪಬಹುದು ಎಂದಿದೆಯೋ ಅದು ಮಕ್ಕಳ ಜ್ವರಕ್ಕೆ ಮೀಸಲು. ಮನೆಯಲ್ಲಿ ಬಟ್ಟೆ ರಾಶಿ ಬಿದ್ದಿದೆ ಎಂದು ಅದನ್ನು ಖರ್ಚು ಮಾಡಬಾರದು.

ಚಿಲ್ಲರೆ ಹೊತ್ತಿನಲ್ಲಿ ಓದುವ ಬಗೆ

ತುಂಡು ತುಂಡಾಗಿ ಓದುವಾಗ ಹೆಚ್ಚು ನಷ್ಟವಾಗುವುದು ಮತ್ತೆ ಶುರುಮಾಡುವುದರಲ್ಲಿ. ಎಲ್ಲಿದ್ದೆ ಎಂದು ಹುಡುಕುವುದಕ್ಕೇ ಹದಿನೈದರಲ್ಲಿ ಐದು ನಿಮಿಷ ಹೋಗುತ್ತದೆ. ಅದಕ್ಕೆ ಮದ್ದು, ಏಳುವ ಮುನ್ನ ಒಂದು ಸಾಲು ಬರೆದಿಡುವುದು. "3ನೇ ಅಧ್ಯಾಯ ಓದಬೇಕು" ಎಂದಲ್ಲ, "ಪುಟ 84ರ ಎರಡನೇ ಉದಾಹರಣೆ, ಸೂತ್ರಕ್ಕೆ ಬೆಲೆ ಹಾಕುವುದು ಬಾಕಿ" ಎಂದು. ಮಗು ಕೂಗಿದಾಗಲೂ "ಒಂದು ಸಾಲು ಬರೆದು ಬಂದೆ" ಎನ್ನುವಷ್ಟು ಹೊತ್ತು ಸಿಗುತ್ತದೆ, ಚೀಟಿಯ ಒಪ್ಪಂದದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಮತ್ತೆ ಓದಬೇಡಿ. ಒಂದು ಉಪಶೀರ್ಷಿಕೆಯ ಭಾಗ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ನಾಲ್ಕು ಸಾಲು ಬರೆದು, ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಬೇರೆ ಬಣ್ಣದಲ್ಲಿರುವುದೇ ನಾಳೆಯ ಓದು. ಮತ್ತೆ ಮತ್ತೆ ಓದಿದಾಗ ಎಲ್ಲ ಗೊತ್ತಿದೆ ಅನ್ನಿಸುವುದು ಪರಿಚಯದಿಂದ. ಪ್ರಶ್ನೆಪತ್ರಿಕೆಯ ಮುಂದೆ ಪರಿಚಯ ಕೈಹಿಡಿಯುವುದಿಲ್ಲ.

ನೆನಪಿಡಲೇಬೇಕಾದ ಪದ, ಸೂತ್ರ, ಇಸವಿಗಳಿಗೆ ಚೀಟಿ ಮಾಡಿ. ಒಮ್ಮೆಗೇ ಉರುಹೊಡೆಯುವುದಕ್ಕಿಂತ ದಿನಗಳ ಅಂತರ ಬಿಟ್ಟು ನೆನೆಸಿಕೊಂಡರೆ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಪ್ರಕಟಿಸಿದ್ದ. ಅದನ್ನೇ ಡಬ್ಬಿಗಳ ಪದ್ಧತಿಯಾಗಿ 1972ರಲ್ಲಿ ಜನಪ್ರಿಯಗೊಳಿಸಿದವನು ವಿಜ್ಞಾನ ಬರಹಗಾರ ಸೆಬಾಸ್ಟಿಯನ್ ಲೈಟ್ನರ್. ಮೂರು ಡಬ್ಬಿ ಸಾಕು: ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಮಕ್ಕಳ ಮಗ್ಗಿಗೂ ಇದೇ ಡಬ್ಬಿ ನಡೆಯುತ್ತದೆ, ಒಬ್ಬರ ಚೀಟಿ ಇನ್ನೊಬ್ಬರು ಕೇಳಬಹುದು. ಅಮ್ಮನ ಚೀಟಿ ತಪ್ಪಾಗಿ ಮೊದಲ ಡಬ್ಬಿಗೆ ಬೀಳುವುದನ್ನು ನೋಡುವಾಗ ಮಕ್ಕಳಿಗಾಗುವ ಸಂತೋಷ ಬೇರೆಯೇ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಎರಡು ಗಂಟೆವರೆಗೆ ಓದುವ ಯೋಜನೆ ಮೂರು ವಾರ ನಡೆಯುತ್ತದೆ, ಹೆಚ್ಚೆಂದರೆ ನಾಲ್ಕು. ಆಮೇಲೆ ಬೆಳಗಿನ ಪಾಠದಲ್ಲಿ ಸಿಡುಕು, ಓದಿದ್ದೂ ತಲೆಯಲ್ಲಿ ನಿಲ್ಲದು. ಬೆಳಗ್ಗೆ ಒಂದು ಗಂಟೆ ಮುಂಚೆ ಏಳುವವರು ರಾತ್ರಿಯೂ ಒಂದು ಗಂಟೆ ಮುಂಚೆ ಮಲಗಬೇಕು. ಇದನ್ನು ಬರೆಯಬೇಕಾಗಿ ಬರುತ್ತಿದೆ, ಯಾಕೆಂದರೆ ಯಾರೂ ಎರಡನೆಯದನ್ನು ಮಾಡುವುದಿಲ್ಲ.

ಮನೆಯ ಇತರ ದೊಡ್ಡವರು

"ಸ್ವಲ್ಪ ಸಹಾಯ ಮಾಡಿ" ಎಂದು ಕೇಳಿದರೆ ಯೋಜನೆಯ ಭಾರ ನಿಮ್ಮ ತಲೆಯ ಮೇಲೇ ಉಳಿಯುತ್ತದೆ. ಇಡೀ ಕೆಲಸವನ್ನು ವಹಿಸಿ. ಮಂಗಳವಾರ, ಗುರುವಾರ ಸಂಜೆ ಆರರಿಂದ ಎಂಟೂವರೆವರೆಗೆ ಊಟ, ಸ್ನಾನ, ಜಗಳ ಎಲ್ಲ ಯಜಮಾನರದ್ದೋ ಅಜ್ಜಿಯದ್ದೋ ಎಂದಾದರೆ, ಏನು ಬಡಿಸಬೇಕು ಎಂಬ ತೀರ್ಮಾನವೂ ಅವರದ್ದೇ. ನೀವು ಆ ಹೊತ್ತಿನಲ್ಲಿ ಮನೆಯಲ್ಲೇ ಇದ್ದರೆ ಕರೆ ಬಂದೇ ಬರುತ್ತದೆ, ಗ್ರಂಥಾಲಯಕ್ಕೆ ಹೋಗಿ. ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇಲ್ಲದಿದ್ದರೆ ಮನೆಯಲ್ಲೇ ಕಲಿಸುವ ಇನ್ನೊಂದು ಕುಟುಂಬದ ಜೊತೆ ಅದಲುಬದಲು ಮಾಡಿಕೊಳ್ಳಬಹುದು: ಒಂದು ಮಧ್ಯಾಹ್ನ ಎಲ್ಲ ಮಕ್ಕಳೂ ಅಲ್ಲಿ, ಇನ್ನೊಂದು ಮಧ್ಯಾಹ್ನ ಇಲ್ಲಿ.

ಅಸೈನ್‌ಮೆಂಟ್ ಸಲ್ಲಿಸುವ ಗಡುವು ಹಾಳೆಯಲ್ಲಿ ಏನೇ ಇರಲಿ, ನಿಮ್ಮದು ಅದಕ್ಕೆ 24 ಗಂಟೆ ಮೊದಲು. ರಾತ್ರಿ 11:59ಕ್ಕೆ ಮುಗಿಯುವುದನ್ನು 11:40ಕ್ಕೆ ಏರಿಸಲು ಕೂತಾಗಲೇ ನೆಟ್ ಹೋಗುತ್ತದೆ ಅಥವಾ ಮಗು ವಾಂತಿ ಮಾಡುತ್ತದೆ. ಏರಿಸಿದ ಫೈಲನ್ನು ಮತ್ತೆ ಇಳಿಸಿ ತೆರೆದು ನೋಡಿ, ಸ್ವೀಕರಿಸಿದ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗುಂಪು ಪ್ರಾಜೆಕ್ಟ್ ಇದ್ದರೆ ಮೊದಲ ಭೇಟಿಯಲ್ಲೇ ನಿಮಗೆ ಸಾಧ್ಯವಿರುವ ಎರಡು ಹೊತ್ತು ಹೇಳಿ, ಮೊದಲೇ ಮುಗಿಸಬಹುದಾದ ಭಾಗ ಕೇಳಿ ಪಡೆಯಿರಿ. ಎಲ್ಲರದನ್ನೂ ಸೇರಿಸಿ ಕೊನೆಯ ರಾತ್ರಿ ಜೋಡಿಸುವ ಕೆಲಸ ಬೇಡವೇ ಬೇಡ.

ಶುಕ್ರವಾರ ಹತ್ತು ನಿಮಿಷ ಮಕ್ಕಳ ದಾಖಲೆಗೆ ಕೊಡಿ: ಪ್ರತಿ ವಿಷಯದಿಂದ ಒಂದು ಹಾಳೆ ಫೈಲಿಗೆ, ಮುಗಿದ ಪುಟಗಳ ಸಂಖ್ಯೆ, ಓದಿದ ಪುಸ್ತಕದ ಹೆಸರು. ವರ್ಷದ ಕೊನೆಗೆ ಒಟ್ಟಿಗೆ ಕೂತು ನೆನಪಿಸಿಕೊಳ್ಳುವ ಪಾಡು ತಪ್ಪುತ್ತದೆ.

ಮುಂದಿನ ಸೆಮಿಸ್ಟರಿನ ನೋಂದಣಿಗೆ ಮುನ್ನ ಆ ಫೈಲು ಮತ್ತು ಕಾಲೇಜಿನ ದಿನಾಂಕದ ಹಾಳೆ ಎರಡನ್ನೂ ಎದುರಿಗಿಟ್ಟುಕೊಳ್ಳಿ. ಮಕ್ಕಳ ಗಣಿತ ಎರಡು ವಾರಕ್ಕಿಂತ ಹೆಚ್ಚು ಹಿಂದೆ ಬಿದ್ದಿದ್ದರೆ, ಅಥವಾ ಅಸೈನ್‌ಮೆಂಟಿಗಾಗಿ ಆರು ಗಂಟೆಗಿಂತ ಕಡಿಮೆ ನಿದ್ದೆ ಮಾಡಿದ ರಾತ್ರಿಗಳು ನಾಲ್ಕು ದಾಟಿದ್ದರೆ, ಮುಂದಿನ ಸಲವೂ ಒಂದೇ ಕೋರ್ಸ್.