ಮಗುವಿಗೆ ಮೂರು ತುಂಬುವ ಮುಂಚೆಯೇ ಫೋನ್ ಮಾಡಿ

"ಗಂಡು ಮಕ್ಕಳಿಗೆ ಮಾತು ತಡ. ಅವರಪ್ಪನೂ ಹಾಗೇ ಇದ್ದ." ಊರಿನಿಂದ ವಿಡಿಯೋ ಕಾಲ್‌ನಲ್ಲಿ ಅಜ್ಜಿ ಹೀಗಂದರು. ಇಲ್ಲಿ ಅಮೆರಿಕದಲ್ಲಿ ಡಾಕ್ಟರೂ "ಇನ್ನಾರು ತಿಂಗಳು ನೋಡೋಣ" ಅಂದರು. ನಾವು ಸುಮ್ಮನೆ ಕಾದೆವು. ಆ ಆರು ತಿಂಗಳು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಾಯುವ ಅಗತ್ಯವೇ ಇರಲಿಲ್ಲ. ಇಲ್ಲಿ ಹುಟ್ಟಿನಿಂದ 3 ವರ್ಷದವರೆಗಿನ, ಮಾತು ಅಥವಾ ಬೆಳವಣಿಗೆ ತಡವಾದ ಮಕ್ಕಳಿಗೆ ನೆರವಾಗುವ ಅರ್ಲಿ ಇಂಟರ್ವೆನ್ಷನ್ ಅನ್ನುವ ಸೇವೆ ಇದೆ. 1986ರಲ್ಲಿ ಫೆಡರಲ್ ಕಾನೂನಿಗೆ ಸೇರಿದ್ದು. ನಡೆಸುವುದು ಆಯಾ ರಾಜ್ಯ, ಹೆಸರೂ ಬೇರೆ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ಅರ್ಲಿ ಸ್ಟಾರ್ಟ್, ಟೆಕ್ಸಾಸ್‌ನಲ್ಲಿ ಇಸಿಐ. ಡಾಕ್ಟರ ಚೀಟಿ ಬೇಡ, ಅಪ್ಪ ಅಮ್ಮನೇ ಫೋನ್ ಮಾಡಬಹುದು. ವೀಸಾ ಯಾವುದಾದರೂ ಅಡ್ಡಿಯಿಲ್ಲ. ಹೆಸರು ಕೊಟ್ಟ 45 ದಿನದೊಳಗೆ ಮಗುವನ್ನು ಪರೀಕ್ಷಿಸಿ, ಸೇವೆ ಬೇಕು ಅಂತ ಕಂಡರೆ ಮೊದಲ ಮೀಟಿಂಗ್ ಕೂಡ ಮಾಡಬೇಕು. ಪರೀಕ್ಷೆ ಉಚಿತ. ಆಮೇಲಿನ ಥೆರಪಿಗೆ ಕೆಲವು ರಾಜ್ಯಗಳಲ್ಲಿ ಆದಾಯಕ್ಕೆ ತಕ್ಕ ಶುಲ್ಕ ಇರುತ್ತದೆ, ಮೊದಲೇ ಕೇಳಿಕೊಳ್ಳಿ.

ಮನೆಯಲ್ಲಿ ಕನ್ನಡ ಮಾತಾಡುತ್ತೀರಿ ಅನ್ನುವುದನ್ನು ಮೊದಲ ಫೋನಿನಲ್ಲೇ ಹೇಳಿ. ಇಂಟರ್ಪ್ರಿಟರ್ ಕೇಳಿ. ಮಗು ಹೇಳುವ "ನೀರು", "ಬೇಡ", "ತಾತ" ಎಲ್ಲವೂ ಲೆಕ್ಕಕ್ಕೆ ಬರಬೇಕು, ಅಲ್ವಾ? ಕನ್ನಡ ಬಿಟ್ಟು ಇಂಗ್ಲಿಷ್ ಮಾತ್ರ ಮಾತಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ.

ಮೀಟಿಂಗ್‌ನಲ್ಲಿ ಮಗುವಿಗೆ ಏನು ಗುರಿ, ಯಾವ ಸೇವೆ ಅಂತ ಐಎಫ್‌ಎಸ್‌ಪಿ (ಇಂಡಿವಿಜುವಲೈಸ್ಡ್ ಫ್ಯಾಮಿಲಿ ಸರ್ವಿಸ್ ಪ್ಲಾನ್) ಅನ್ನುವ ಯೋಜನೆ ಬರೆಯುತ್ತಾರೆ. ಎಫ್ ಅಂದರೆ ಫ್ಯಾಮಿಲಿ. ನಮ್ಮವರು ಬಹಳ ಮಂದಿ ಅಲ್ಲಿ ತಲೆಯಾಡಿಸಿ ಸಹಿ ಹಾಕಿ ಬರುತ್ತಾರೆ. ಹಾಗೆ ಮಾಡಬೇಡಿ. ನಮ್ಮ ಮಗನ ಯೋಜನೆಯಲ್ಲಿ ಮೊದಲು "ಚಮಚದಲ್ಲಿ ತಾನೇ ತಿನ್ನಬೇಕು" ಅಂತಿತ್ತು. ನಮಗೆ ಬೇಕಾಗಿದ್ದು ಅದಲ್ಲ. ಎಲ್ಲರ ಜೊತೆ ಕೂತು ಸಾರನ್ನ ಕೈಯಲ್ಲಿ ತಿನ್ನಬೇಕು, ಇನ್ನೂ ಬೇಕಾದರೆ ಬಾಯಿಬಿಟ್ಟು ಕೇಳಬೇಕು. ಹಾಗಂತ ಹೇಳಿದೆವು, ಹಾಗೇ ಬರೆದರು. ಥೆರಪಿಸ್ಟ್ ಊಟದ ಹೊತ್ತಿಗೇ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂರುತ್ತಿದ್ದರು. ಮುಂದಿನ ತುತ್ತು ಕಲಸಿ ಕೈಯಲ್ಲಿ ಹಿಡಿದು ಒಂದು ಗಳಿಗೆ ಕಾಯುವುದನ್ನು ನನಗೆ ಕಲಿಸಿದರು. "ಬೇಕು" ಅನ್ನುವ ಪದ ಅವರೂ ಕಲಿತರು. ಮಗ ಮೊದಲು "ಬೇ" ಅಂದದ್ದು ಆ ತಟ್ಟೆಯ ಮುಂದೆಯೇ.

ನೀವು ಒಪ್ಪಿ ಸಹಿ ಹಾಕಿದ ಸೇವೆ ಮಾತ್ರ ಶುರುವಾಗುತ್ತದೆ. ಒಂದು ಬೇಡ ಅಂದರೆ ಉಳಿದವು ನಿಲ್ಲುವುದಿಲ್ಲ. 6 ತಿಂಗಳಿಗೊಮ್ಮೆ ಯೋಜನೆಯನ್ನು ಮತ್ತೆ ನೋಡುತ್ತಾರೆ. ನಡುವೆ ಏನೇ ತೊಂದರೆ ಆದರೂ ನಿಮ್ಮ ಮಗುವಿನ ಸೇವೆಗಳನ್ನು ನೋಡಿಕೊಳ್ಳುವ ಸರ್ವಿಸ್ ಕೋಆರ್ಡಿನೇಟರ್‌ಗೆ ಹೇಳಿ.

3 ವರ್ಷದ ನಂತರ ಜವಾಬ್ದಾರಿ ನಿಮ್ಮ ಕಡೆಯ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಹೋಗುತ್ತದೆ. ಅಲ್ಲಿ ಮಗು ಅರ್ಹವೇ ಅಂತ ಹೊಸದಾಗಿ ನೋಡುತ್ತಾರೆ. ಈ ಬದಲಾವಣೆಯ ಮೀಟಿಂಗ್ ಮೂರನೇ ಹುಟ್ಟುಹಬ್ಬಕ್ಕೆ ಕನಿಷ್ಠ 90 ದಿನ ಮುಂಚೆ ಆಗಬೇಕು. ಊರಿಗೆ ಟಿಕೆಟ್ ಮಾಡುವ ಮುಂಚೆ ಆ ದಿನಾಂಕ ಕೇಳಿಟ್ಟುಕೊಳ್ಳಿ.