ಮೋಟಾರ್ ನ್ಯೂರಾನ್ ಕಾಯಿಲೆಯವರಿಗೆ ಉಣಿಸುವುದು ಹೇಗೆ?

ನುಂಗುವುದು ಕಷ್ಟವಾದವರಿಗೆ ಊಟ ಮಾಡಿಸುವಾಗ ಮನೆಯವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ತುತ್ತು ಬಾಯೊಳಗೆ ಹೋಯಿತೆಂದರೆ ಮುಂದಿನದನ್ನು ಕಲಸಿ ಎತ್ತಿಬಿಡುತ್ತಾರೆ.

ಮಿದುಳಿನ ಆಜ್ಞೆಯನ್ನು ಮೇಲಿನ ನರಕೋಶಗಳು ಮಿದುಳುಕಾಂಡಕ್ಕೋ ಮಿದುಳುಬಳ್ಳಿಗೋ ತಲುಪಿಸುತ್ತವೆ. ಅಲ್ಲಿಂದ ಸ್ನಾಯುವಿಗೆ ಒಯ್ಯುವುದು ಕೆಳಗಿನ ನರಕೋಶಗಳ ಕೆಲಸ. ಈ ಎರಡು ಬಗೆಯ ನರಕೋಶಗಳೇ ಮೋಟಾರ್ ನ್ಯೂರಾನ್‌ಗಳು. ಈ ಕಾಯಿಲೆಯಲ್ಲಿ ಮೇಲಿನವು ನಶಿಸಿದರೆ ಸ್ನಾಯು ಬಿಗಿಯುತ್ತದೆ, ಕೆಳಗಿನವು ನಶಿಸಿದರೆ ಸೊರಗಿ ಬಲಗುಂದುತ್ತದೆ. ಸುಮ್ಮನಿರುವ ನಾಲಿಗೆಯ ಮೇಲೆಯೂ ಆಗ ಹುಳು ಹರಿದಂಥ ಅದಿರಾಟ ಕಾಣಬಹುದು. ಆದರೆ ಸ್ಪರ್ಶಜ್ಞಾನ ಸಾಮಾನ್ಯವಾಗಿ ಉಳಿದಿರುವುದರಿಂದ, ತುತ್ತು ಗಂಟಲಲ್ಲಿ ನಿಂತದ್ದು ರೋಗಿಗೆ ಗೊತ್ತಾಗುತ್ತಿದ್ದರೂ ಅದನ್ನು ಮುಂದೆ ತಳ್ಳುವ ಶಕ್ತಿ ಇರುವುದಿಲ್ಲ.

ಮೊದಲ ಹಂತ: ನೆಟ್ಟಗೆ ಕೂರಿಸಿ, ಟಿ.ವಿ. ಆರಿಸಿ.

ಎರಡನೆಯ ಹಂತ: ಹದ. ನುಂಗಲು ಸುಲಭವೆಂದು ಎಲ್ಲರೂ ಮೊದಲು ಕೊಡುವ ನೀರೇ ಹೆಚ್ಚು ಅಪಾಯಕಾರಿ, ಏಕೆಂದರೆ ಶ್ವಾಸನಾಳ ಮುಚ್ಚಿಕೊಳ್ಳುವ ಮೊದಲೇ ಅದು ಹರಿದು ಒಳಗೆ ಇಳಿದುಬಿಡುತ್ತದೆ. ತಿಳಿ ರಸದಲ್ಲಿ ಗಟ್ಟಿ ಚೂರುಗಳು ತೇಲುವ ಪದಾರ್ಥವಂತೂ ಇನ್ನೂ ತೊಡಕಿನದು. ನೀರನ್ನು ಮಂದಗೊಳಿಸುವ ಪುಡಿಗಳಲ್ಲಿ ಪಿಷ್ಟದವನ್ನು ನಾನು ಒಪ್ಪುವುದಿಲ್ಲ: ಲೋಟದಲ್ಲಿ ಇಟ್ಟಷ್ಟು ಹೊತ್ತೂ ಗಟ್ಟಿಯಾಗುತ್ತಾ ಹೋಗುತ್ತವೆ, ಜೊಲ್ಲು ಬೆರೆತರೆ ನೀರಾಗುತ್ತವೆ. ಜಾಂಥನ್ ಗೋಂದಿನ ಪುಡಿಯನ್ನೇ ಕೊಳ್ಳಿ. ಎಷ್ಟು ಮಂದವಾಗಿರಬೇಕೆಂಬುದನ್ನು ಮಾತ್ರ ನುಂಗುವಿಕೆಯ ಚಿಕಿತ್ಸಕರು ಪರೀಕ್ಷಿಸಿ ಹೇಳಲಿ.

ಮೂರನೆಯ ಹಂತ: ನುಂಗಿಸುವುದು. ನಿಂತು ಉಣಿಸಿದರೆ ರೋಗಿ ತಲೆಯೆತ್ತಬೇಕಾಗುತ್ತದೆ, ತಲೆಯೆತ್ತಿದಾಗ ಶ್ವಾಸನಾಳದ ಬಾಯಿ ತೆರೆದುಕೊಳ್ಳುತ್ತದೆ. ಆದ್ದರಿಂದ ಎದುರಿಗೆ, ಅವರ ಕಣ್ಣಿನ ಮಟ್ಟದಲ್ಲಿ ಕುಳಿತುಕೊಳ್ಳಿ. ಮೂತಿಯಿರುವ ಮುಚ್ಚಳದ ಲೋಟಗಳನ್ನು ರೋಗಿಗಳಿಗೆಂದೇ ಮಾರುತ್ತಾರಾದರೂ ಅವೂ ಕತ್ತನ್ನು ಹಿಂದಕ್ಕೆ ವಾಲಿಸುತ್ತವೆ. ಮೂಗಿಗೆ ತಾಗದಂತೆ ಒಂದು ಅಂಚನ್ನು ಕತ್ತರಿಸಿದ ಲೋಟವೇ ಮೇಲು. ಚಿಕಿತ್ಸಕರು ಹೇಳಿದ್ದರೆ ಗದ್ದವನ್ನು ಎದೆಯ ಕಡೆಗೆ ತುಸು ತಗ್ಗಿಸಲು ಹೇಳಿ, ಚಿಕ್ಕ ಚಮಚದಲ್ಲಿ ಅರ್ಧದಷ್ಟು ಮಾತ್ರ ನಾಲಿಗೆಯ ನಡುವೆ ಇಡಿ. ಈಗ ಚಮಚವನ್ನು ಕೆಳಗಿಟ್ಟು ಕತ್ತನ್ನು ನೋಡಿ. ಗಂಟಲಿನ ಉಬ್ಬು ಮೇಲೇರಿ ಇಳಿದರೆ ಒಮ್ಮೆ ನುಂಗಿದಂತಾಯಿತು. ತುತ್ತಿಲ್ಲದೆಯೇ ಮತ್ತೊಮ್ಮೆ ನುಂಗಿಸಿ, ಬಳಿಕ ‘ಆ’ ಎನ್ನಿಸಿ. ದನಿ ಗೊರಗೊರ ಎಂದರೆ ಗಂಟಲಲ್ಲಿ ಇನ್ನೂ ಏನೋ ಉಳಿದಿದೆ ಎಂದೇ ತಿಳಿದು, ಕೆಮ್ಮಿಸಿ ಮತ್ತೆ ನುಂಗಿಸಬೇಕು. ಕೆಮ್ಮು ಬರಲಿಲ್ಲವೆಂದು ನೆಮ್ಮದಿಪಡಬೇಡಿ, ಸದ್ದಿಲ್ಲದೆಯೂ ಆಹಾರ ಶ್ವಾಸಕೋಶ ಸೇರುವುದುಂಟು. ಊಟದ ನಡುವೆ ಸ್ನಾಯುಗಳು ದಣಿಯುವುದರಿಂದ ಮೊದಲ ತುತ್ತಿಗಿಂತ ಕೊನೆಯ ತುತ್ತಿಗೇ ಹೆಚ್ಚು ಎಚ್ಚರ ಬೇಕು. ತಟ್ಟೆ ಖಾಲಿಯಾಗಲೇಬೇಕೆಂಬ ಹಟ ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣಿಸಿ.

ನಾಲ್ಕನೆಯ ಹಂತ: ಕೆನ್ನೆಯೊಳಗೆ ಸಿಕ್ಕಿಕೊಂಡದ್ದನ್ನು ತೆಗೆದು ಬಾಯಿ ಶುಚಿಮಾಡಿ, ಅರ್ಧ ಗಂಟೆ ಕೂರಿಸಿಯೇ ಇರಿಸಿ. ಮಾತ್ರೆಗಳನ್ನು ಕೇಳದೆ ಪುಡಿಮಾಡಬೇಡಿ, ಕೆಲವನ್ನು ಪುಡಿಮಾಡುವಂತಿಲ್ಲ.

ಇಷ್ಟಾದರೂ ತೂಕ ಇಳಿಯುತ್ತಿದ್ದರೆ ಹೊಟ್ಟೆಗೆ ನೇರವಾಗಿ ಆಹಾರ ಕೊಡುವ ಕೊಳವೆಯ ವಿಷಯವನ್ನು ವೈದ್ಯರಲ್ಲಿ ಬೇಗನೆ ಎತ್ತಿ. ಉಸಿರಾಟದ ಸ್ನಾಯುಗಳು ಬಹಳ ಸೋತ ಮೇಲೆ ಅದನ್ನು ಅಳವಡಿಸುವುದೇ ಅಪಾಯಕರವಾಗುತ್ತದೆ. ಕೊಳವೆ ಬಂದ ಮೇಲೂ, ಚಿಕಿತ್ಸಕರು ಒಪ್ಪಿದರೆ, ರುಚಿಗೆಂದು ಒಂದೆರಡು ಚಮಚ ಬಾಯಿಂದಲೇ ಕೊಡಬಹುದು.